ಸೂರ್ಯ ಒಪ್ಪದ ಅಂಕಿ

ಹುಲಿಗೆಮ್ಮ ಕಳಿಸಿದ ಅಂಕಿಗಳನ್ನು ಸೂರ್ಯ ಮತ್ತೆ ತಿರಸ್ಕರಿಸಿದ್ದ. ಮಾನಕ ಕೇಂದ್ರದಿಂದ ಬಂದ ಉತ್ತರ ಒಂದೇ ಸಾಲಿನದು: ‘ಸೂರ್ಯ ಒಪ್ಪಲಿಲ್ಲ, ಮರುಪರಿಶೀಲಿಸಿ.’ ಅದನ್ನು ಓದಿದ ಅವಳು ಕೈಯಲ್ಲಿದ್ದ ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಅರ್ಧ ಚಹಾ ಚೆಲ್ಲಿಹೋಯಿತು.

“ಸೂರ್ಯಗ ಯಾವಾಗ ಬಾಯಿ ಬಂತು?” ಎಂದು ಗುಡುಗಿದಳು. “ಒಪ್ಪಲಿಲ್ಲ ಅಂದಾವ ಸೂರ್ಯ ಅಲ್ಲ, ಆ ಗಲಗಲಿ!”

ಜೊತೆಯಲ್ಲಿ ಕೆಲಸ ಮಾಡುವ ಜುಬೇದಾ ಬಟ್ಟೆ ತಂದು ಮೇಜು ಒರೆಸಿದಳು. ಹುಲಿಗೆಮ್ಮನ ಸಿಟ್ಟಿಗೆ ಅವಳು ಹೊಸಬಳಲ್ಲ. “ಯಕ್ಕಾ, ಬೈಯೋದಿದ್ರ ಬಾಯ್ತುಂಬ ಬೈ. ಯಂತ್ರದ ಮ್ಯಾಲ ಮಾತ್ರ ಚೆಲ್ಲಬ್ಯಾಡ” ಎಂದಳು.

ಇಬ್ಬರೂ ಇದ್ದದ್ದು ಸೊಂಡೂರಿನ ಆಚೆ, ದೋಣಿಗುಡ್ಡದ ಹೊಟ್ಟೆಯೊಳಗೆ. ಕಬ್ಬಿಣದ ಅದಿರನ್ನು ಬಗೆದು ಬಗೆದು ಕಡೆಗೆ ಕೈಬಿಟ್ಟ ಗಣಿಯ ಸುರಂಗ ಅದು. ಒಳಗೆ ಲಾರಿಗಳ ಅದುರು ಇಲ್ಲ, ಬಿಸಿಲಿನ ಏರಿಳಿತ ಇಲ್ಲ. ಬೆಳಕನ್ನು ಅಳೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಅಲ್ಲೊಂದು ಗಾಜಿನ ದೀಪ. ಅದರೊಳಗೆ ಕಬ್ಬಿಣದ ಪುಟ್ಟ ಟೊಳ್ಳು ಕೊಳವೆ, ಸುತ್ತ ಒಂದಿಷ್ಟು ಆರ್ಗಾನ್ ಅನಿಲ. ಕರೆಂಟು ಹಾಯಿಸಿದರೆ ಕೊಳವೆಯ ಗೋಡೆಯಿಂದ ಕಬ್ಬಿಣದ ಪರಮಾಣುಗಳು ಸಿಡಿದೆದ್ದು ಹೊಳೆಯುತ್ತವೆ. ಆ ಹೊಳಪನ್ನು ಯಂತ್ರಕ್ಕೆ ಕೊಟ್ಟು ಬಣ್ಣಬಣ್ಣವಾಗಿ ಬಿಡಿಸಿದರೆ ಸಾವಿರಾರು ಗೆರೆಗಳು.

ಒಂದೊಂದು ಗೆರೆಗೂ ಒಂದೊಂದು ಕಸುವು. ಅಂದರೆ, ಆ ಬಣ್ಣದ ಬೆಳಕನ್ನು ಕಬ್ಬಿಣದ ಪರಮಾಣು ಎಷ್ಟು ಸುಲಭವಾಗಿ ಬಿಡುತ್ತದೆ, ಎಷ್ಟು ಸುಲಭವಾಗಿ ನುಂಗುತ್ತದೆ ಎಂಬ ಲೆಕ್ಕ. ನಕ್ಷತ್ರದ ಬೆಳಕಿನಲ್ಲಿ ಇದೇ ಗೆರೆಗಳು ಕಪ್ಪಾಗಿ ಕಾಣುತ್ತವೆ. ಗೆರೆ ಎಷ್ಟು ಕಪ್ಪು ಎಂದು ದೂರದರ್ಶಕ ಹೇಳುತ್ತದೆ, ಗೆರೆಯ ಕಸುವು ಎಷ್ಟು ಎಂದು ದೀಪ ಹೇಳುತ್ತದೆ. ಎರಡನ್ನೂ ಕೂಡಿಸಿದರೆ ಆ ನಕ್ಷತ್ರದಲ್ಲಿ ಕಬ್ಬಿಣ ಎಷ್ಟಿದೆ ಎಂದು ಇಲ್ಲಿ ಕೂತೇ ಹೇಳಬಹುದು. ಕಸುವನ್ನು ಅರ್ಧಕ್ಕೆ ಇಳಿಸಿ ಬರೆದುಕೊಂಡರೆ ಮಾತ್ರ ನಕ್ಷತ್ರದಲ್ಲಿ ಇರುವ ಕಬ್ಬಿಣ ಎರಡರಷ್ಟಾಗಿ ಕಾಣುತ್ತದೆ.

ಅಂಥ ತಪ್ಪು ಆಗಿತ್ತು ಎಂಬುದೇ ಹುಲಿಗೆಮ್ಮನ ವಾದ. ಡಾಕ್ಟರ್ ಗಲಗಲಿ ಈಗ ಮಾನಕ ಕೇಂದ್ರದ ಮುಖ್ಯಸ್ಥರು. ಹರೆಯದಲ್ಲಿ ಅವರೇ ಈ ಗೆರೆಗಳನ್ನು ಅಳೆದವರು. ಬೇಗ ಮುಗಿಯಲಿ, ಗೆರೆಗಳು ಚೆನ್ನಾಗಿ ಹೊಳೆಯಲಿ ಎಂದು ದೀಪಕ್ಕೆ ಭರ್ತಿ ಕರೆಂಟು ಕೊಟ್ಟು ಅಳೆದರು. ಕರೆಂಟು ಹೆಚ್ಚಾದಂತೆ ದೀಪದೊಳಗೆ ಕಬ್ಬಿಣದ ಆವಿ ದಟ್ಟವಾಗುತ್ತದೆ. ಹಿಂದಿನ ಪರಮಾಣು ಬಿಟ್ಟ ಬೆಳಕನ್ನು ಮುಂದಿನ ಪರಮಾಣು ನುಂಗಿಬಿಡುತ್ತದೆ. ಹೀಗೆ ನುಂಗಿಸಿಕೊಳ್ಳುವುದು ಕಸುವುಳ್ಳ ಗೆರೆಗಳೇ. ಬಡಕಲು ಗೆರೆಗಳು ತಪ್ಪಿಸಿಕೊಂಡು ಹೊರಗೆ ಬರುತ್ತವೆ. ಹೊರಗೆ ಕೂತು ನೋಡುವವನಿಗೆ ಬಲಾಢ್ಯ ಗೆರೆ ಸಪ್ಪೆಯಾಗಿ ಕಾಣುತ್ತದೆ, ಅವನು ಸಪ್ಪೆ ಎಂದೇ ಬರೆದುಕೊಳ್ಳುತ್ತಾನೆ. ಗಲಗಲಿಯವರೂ ಹಾಗೇ ಬರೆದುಕೊಂಡಿದ್ದರು.

ಆಮೇಲೆ ಯಾರೂ ಪ್ರಶ್ನಿಸಲಿಲ್ಲವೇ ಎಂದರೆ, ಅದಕ್ಕೊಂದು ಪದ್ಧತಿ ಅಡ್ಡ ಇತ್ತು. ಯಾರು ಹೊಸ ಅಂಕಿ ತಂದರೂ ಕೇಂದ್ರದಲ್ಲಿ ಅದನ್ನು ಮೊದಲು ‘ಸೂರ್ಯನ ಮುಂದೆ ನಿಲ್ಲಿಸುತ್ತಾರೆ’. ಆ ಅಂಕಿ ಹಾಕಿ ಸೂರ್ಯನ ಕಬ್ಬಿಣವನ್ನು ಲೆಕ್ಕ ಮಾಡುತ್ತಾರೆ. ಎಲ್ಲರೂ ಒಪ್ಪಿದ ಉತ್ತರ ಬಂದರೆ ಅಂಕಿ ಸರಿ, ಬಾರದಿದ್ದರೆ ತಪ್ಪು. ಕೇಳಲು ಎಷ್ಟು ನ್ಯಾಯವಾಗಿದೆ! ಆದರೆ ಸೂರ್ಯನ ಲೆಕ್ಕದಲ್ಲಿ ಇನ್ನೊಂದು ಅಂಕಿಯೂ ಉಂಟು, ಅಲ್ಲಿನ ಅನಿಲದ ಒತ್ತಡ ಗೆರೆಯನ್ನು ಎಷ್ಟು ಅಗಲ ಮಾಡುತ್ತದೆ ಎಂಬುದು. ಗಲಗಲಿಯವರ ಕಾಲದಲ್ಲಿ ಉತ್ತರ ಹೊಂದದಿದ್ದಾಗ ಈ ಒತ್ತಡದ ಅಂಕಿಯನ್ನು ಒಂದಿಷ್ಟು ಮೇಲಕ್ಕೆ ಎಳೆದು ತಿಪ್ಪೆ ಸಾರಿಸಿದ್ದರು. ಒಂದು ತಪ್ಪು ಕಬ್ಬಿಣವನ್ನು ಹೆಚ್ಚಿಸಿ ತೋರಿಸಿದರೆ ಇನ್ನೊಂದು ತಗ್ಗಿಸಿ ತೋರಿಸಿ, ಸೂರ್ಯನಲ್ಲಿ ಎರಡು ತಪ್ಪುಗಳೂ ಒಂದನ್ನೊಂದು ಮುಚ್ಚಿ ಹಾಕುತ್ತಿದ್ದವು. ಅಂದಿನಿಂದ ತಪ್ಪು ಅಂಕಿ ತಂದವರನ್ನು ಸೂರ್ಯ ಒಪ್ಪುತ್ತಿದ್ದ, ಸರಿ ಅಂಕಿ ತಂದವರನ್ನು ಹೊರಗೆ ಅಟ್ಟುತ್ತಿದ್ದ.

ಇಷ್ಟೇ ಆಗಿದ್ದರೆ ಇದು ನಾಲ್ಕು ಜನ ಪಂಡಿತರ ಜಗಳ, ಊರಿಗೇನು? ಆದರೆ ಈಗ ‘ಹೊಸನೆಲ’ ಎಂಬ ಹಡಗು ಆಕಾಶದಲ್ಲಿ ಕಟ್ಟಿ ನಿಂತಿತ್ತು. ಭೂಮಿಯ ಸೆಕೆ ಮಿತಿ ಮೀರಿದ ಮೇಲೆ ಮನುಷ್ಯರು ಬೇರೆ ನೆಲ ಹುಡುಕಿಕೊಂಡು ಹೊರಟಿದ್ದ ಕಾಲ ಅದು. ಹಡಗು ಹೋಗಲಿದ್ದದ್ದು ಜನ ‘ಕೆಂಚಿ’ ಎಂದು ಕರೆಯುವ ಕೆಂಬಣ್ಣದ, ಊದಿಕೊಂಡ ನಕ್ಷತ್ರಕ್ಕೆ. ಅದರ ಸುತ್ತ ನೀರಿರುವ ಒಂದು ಗ್ರಹವಿತ್ತು. ಗ್ರಹದ ಹೊಟ್ಟೆಯಲ್ಲಿ ಕಬ್ಬಿಣ ಎಷ್ಟಿದೆ ಎಂದು ಇಲ್ಲಿಂದ ನೋಡಲಾಗದು. ನಕ್ಷತ್ರವೂ ಗ್ರಹವೂ ಒಂದೇ ಮೋಡದಿಂದ ಹುಟ್ಟಿದವಾದ್ದರಿಂದ ನಕ್ಷತ್ರದಲ್ಲಿ ಕಬ್ಬಿಣ ಇದ್ದರೆ ಗ್ರಹದಲ್ಲೂ ಇರುತ್ತದೆ ಎಂದು ಲೆಕ್ಕ. ಗ್ರಹದ ಹೊಟ್ಟೆಯ ಕಬ್ಬಿಣ ಕರಗಿ ಸುತ್ತಿದರೆ ಗ್ರಹಕ್ಕೆ ಕಾಂತದ ಕವಚ ಹುಟ್ಟುತ್ತದೆ. ನಕ್ಷತ್ರದಿಂದ ಸುರಿಯುವ ವಿಷಕಿರಣವನ್ನು ತಡೆಯುವುದು ಆ ಕವಚ. ಕಬ್ಬಿಣ ಸಾಲದಿದ್ದರೆ ಕವಚವಿಲ್ಲ. ಇಳಿದವರು ಹೇಗೋ ಔಷಧಿ ನುಂಗಿ, ನೆಲಮಾಳಿಗೆಯಲ್ಲಿ ಅಡಗಿ ತಮ್ಮ ಕಾಲ ಕಳೆದಾರು. ಅಲ್ಲಿ ಹುಟ್ಟುವ ಮಕ್ಕಳ ಗತಿ ಏನು? ಹುಟ್ಟುತ್ತಲೇ ರಕ್ತ ಕೆಟ್ಟ ಮಕ್ಕಳು.

ಕೆಂಚಿಯ ಹೊರಪದರದಲ್ಲಿ ಒತ್ತಡ ತೀರಾ ಕಡಿಮೆ. ಸೂರ್ಯನಲ್ಲಿ ಒಂದು ತಪ್ಪನ್ನು ಮುಚ್ಚುತ್ತಿದ್ದ ಇನ್ನೊಂದು ತಪ್ಪು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಹುಲಿಗೆಮ್ಮನ ಅಂಕಿ ಹಾಕಿ ನೋಡಿದರೆ ಕೆಂಚಿಯ ಕಬ್ಬಿಣ ಅರ್ಧಕ್ಕಿಂತ ಕೆಳಗೆ ಇಳಿಯುತ್ತಿತ್ತು. ಆ ಹಡಗಿಗೆ ಆಯ್ಕೆಯಾದವರಲ್ಲಿ ಹುಲಿಗೆಮ್ಮನ ಒಬ್ಬಳೇ ಮಗಳು ತುಂಗಾ ಕೂಡ ಇದ್ದಳು.

*

ತುಂಗಾ ಕಡೆಯ ರಜೆಗೆಂದು ಹೊಸಪೇಟೆಯ ಮನೆಗೆ ಬಂದಿದ್ದಳು. ನೆಲದಡಿಯ ನೀರು ಹುಡುಕಿ ತೆಗೆಯುವ ಎಂಜಿನಿಯರ್ ಅವಳು. ಹೊಸ ಗ್ರಹದಲ್ಲಿ ಮೊದಲ ಬಾವಿ ತೋಡುವ ತಂಡದ ಮುಂದಾಳು. ಹುಲಿಗೆಮ್ಮ ಮನೆಗೆ ಬರುವಷ್ಟರಲ್ಲಿ ಗಂಡ ಎರ್ರಿಸ್ವಾಮಿ ಮಗಳಿಗಾಗಿ ಒಗ್ಗರಣೆ ಮಂಡಕ್ಕಿ ಕಲಸಿ ಮಿರ್ಚಿ ಕರಿಯುತ್ತಿದ್ದ. ಬಸ್ ಡಿಪೋದಲ್ಲಿ ಫೋರ್‌ಮನ್ ಆದರೂ ಅಡುಗೆಮನೆಯಲ್ಲಿ ಅವನ ಕೈ ಹೆಂಡತಿಯ ಕೈಗಿಂತ ಮುಂದು.

“ಮತ್ತ ಹೊಳ್ಳಿ ಕಳಿಸ್ಯಾರಂತ?” ಎಂದು ತುಂಗಾ ಕೇಳಿದಳು. ಅವಳ ದನಿಯಲ್ಲಿ ಮರುಕ ಇರಲಿಲ್ಲ.

“ಯಾರು ಹೇಳಿದ್ರು ನಿಂಗ?”

“ತರಬೇತಿ ಕೇಂದ್ರದಾಗ ಎಲ್ಲಾರಿಗೂ ಗೊತ್ತೈತಿ, ಅವ್ವ. ಕ್ಯಾಂಟೀನಿನಾಗ ನನ್ನ ನೋಡಿ ನಗ್ತಾರ. ಮಗಳನ್ನ ಕಳಿಸಾಕ ಮನಸ್ಸಿಲ್ಲದಾಕಿ ನಕ್ಷತ್ರದಾಗಿನ ಕಬ್ಬಿಣಾನ ಕಡಿಮಿ ಮಾಡ್ಯಾಳ ಅಂತಾರ.”

ಹುಲಿಗೆಮ್ಮ ಕಾಲು ತೊಳೆಯಲು ಹಿತ್ತಲಿಗೆ ಹೊರಟವಳು ಅಲ್ಲೇ ನಿಂತಳು. “ನೀನೂ ಹಂಗ ಅಂತಿಯೇನು?”

“ನಾ ಹೆಸರು ಕೊಟ್ಟ ದಿನದಿಂದ ನೀ ನನ್ನ ಜೊತಿ ನೆಟ್ಟಗ ಮಾತಾಡಿಲ್ಲ. ಬ್ಯಾಡ ಅಂದಿ, ಅತ್ತಿ, ಊಟ ಬಿಟ್ಟಿ. ಅದಾದ ಮ್ಯಾಲ ಈ ಅಂಕಿ ತಂದಿ. ನಾ ಏನಂತ ತಿಳ್ಕೊಬೇಕು?”

ಮಾತಿಗೆ ಮಾತು ಬೆಳೆಯಿತು. ದೀಪದ ಮುಂದೆ ಕಣ್ಣು ಹಾಳುಮಾಡಿಕೊಂಡಿದ್ದು ನಿನ್ನನ್ನು ಕಟ್ಟಿ ಹಾಕುವುದಕ್ಕಲ್ಲ ಎಂದು ತಾಯಿ ಕೂಗಿದಳು. ನನ್ನ ಇಡೀ ಕೆಲಸವನ್ನು ನಗೆಪಾಟಲು ಮಾಡಿದೆ ಎಂದು ಮಗಳು ಕೂಗಿದಳು. ಎರ್ರಿಸ್ವಾಮಿ ನಡುವೆ ತಟ್ಟೆ ತಂದಿಟ್ಟು, “ಕಬ್ಬಿಣ ಆಮೇಲ ಎಣಸ್ರಿ, ಮಿರ್ಚಿ ಆರ್ತಾವ” ಎಂದ. ಇಬ್ಬರೂ ಒಟ್ಟಿಗೆ ಅವನ ಕಡೆ ಕಣ್ಣು ಕೆಂಪು ಮಾಡಿದರು. ಆ ದಿನ ಮಿರ್ಚಿ ತಿಂದವನು ಅವನೊಬ್ಬನೇ.

ಹುಲಿಗೆಮ್ಮನಿಗೆ ಹೊಟ್ಟೆ ಉರಿಯುತ್ತಿದ್ದದ್ದು ಮಗಳ ಮಾತು ಸುಳ್ಳಾಗಿತ್ತು ಎಂದಲ್ಲ. ಅವಳು ಅತ್ತದ್ದು ನಿಜ, ಊಟ ಬಿಟ್ಟದ್ದೂ ನಿಜ. ಹಾಗೆಂದು ಪರಮಾಣುವೇನು ಅವಳ ಕಣ್ಣೀರು ನೋಡಿ ತನ್ನ ಕಸುವು ಬದಲಿಸುತ್ತದೆಯೇ? ಅಳುವವಳಿಗೆ ಅಳೆಯಲು ಬರುವುದಿಲ್ಲ ಎಂದು ಯಾವ ಮಹಾನುಭಾವ ಬರೆದಿಟ್ಟಿದ್ದಾನೆ? ಗಲಗಲಿಯವರಿಗೂ ಮಕ್ಕಳಿದ್ದಾರೆ. ಅವರು ಅಂಕಿ ಕೊಟ್ಟಾಗ ಯಾರೂ ತಂದೆ ಕರುಳಿನ ಮಾತು ಎತ್ತಿರಲಿಲ್ಲ.

*

ವಲಸೆ ಮಂಡಳಿಯ ಸಭೆ ನಡೆದದ್ದು ಹಡಗಿನ ನಿಯಂತ್ರಣ ಕೊಠಡಿಯ ಪಕ್ಕದಲ್ಲಿ. ಗಾಜಿನ ಆಚೆ ದೊಡ್ಡ ತೆರೆಯ ಮೇಲೆ ಹಡಗಿನ ದಾರಿ ಕೆಂಪು ಗೆರೆಯಾಗಿ ಕೆಂಚಿಯವರೆಗೂ ಹೋಗಿತ್ತು. ಹುಲಿಗೆಮ್ಮ ತನ್ನ ದೀಪದ ಅಳತೆಗಳನ್ನು ಗೋಡೆಯ ಮೇಲೆ ತೋರಿಸಿದಳು. ಒಂದೇ ದೀಪ, ಅವೇ ಎರಡು ಗೆರೆಗಳು. ಕರೆಂಟು ಇಳಿಸುತ್ತಾ ಬಂದಂತೆ ಬಲವಾದ ಗೆರೆ ಬಡಕಲು ಗೆರೆಗಿಂತ ಮೇಲೆ ಮೇಲೆ ಏರುತ್ತಾ ಹೋಗಿ, ಕಡೆಗೆ ಒಂದು ಮಟ್ಟದಲ್ಲಿ ನಿಂತುಬಿಡುತ್ತಿತ್ತು. ಆ ನಿಂತ ಮಟ್ಟವೇ ನಿಜವಾದ ಕಸುವು.

“ದೀಪ ತನ್ನ ಬೆಳಕು ತಾನ ನುಂಗಾಕತ್ತೈತಿ, ಸರ್. ನೀವು ಅಳದದ್ದು ನುಂಗಿ ಉಳಿದದ್ದನ್ನ” ಎಂದಳು.

ಗಲಗಲಿಯವರು ಕನ್ನಡಕ ತೆಗೆದು ಒರೆಸಿದರು. ಜರಿ ಅಂಚಿನ ಶಲ್ಯ, ಮೆಲ್ಲನೆಯ ಮಾತು, ಎಂದೂ ದನಿ ಏರಿಸದ ಮನುಷ್ಯ. “ಹುಲಿಗೆಮ್ಮನವರ, ನಿಮ್ಮ ಅಂಕಿ ಹಾಕಿದ್ರ ಸೂರ್ಯನೊಳಗಿನ ಕಬ್ಬಿಣ ಎಲ್ಲೋ ಹೋಗಿ ಬೀಳ್ತದ. ಸೂರ್ಯನ್ನ ಸುಳ್ಳು ಮಾಡ್ಲಿಕ್ಕೆ ಹೊಂಟೀರೇನು?”

“ಸೂರ್ಯ ಎಲ್ಲಿ ಸುಳ್ಳಾದ? ಒತ್ತಡದ ಅಂಕಿ ನೀವು ಮ್ಯಾಲಕ್ಕ ಎಳದೀರಿ. ಅದನ್ನ ಕೆಳಗ ಇಳಿಸ್ರಿ, ಸೂರ್ಯ ಸರಿ ಬರ್ತಾನ.”

“ಅಂದ್ರ ನೀವು ಎರಡೂ ಅಂಕಿ ಬದಲಸ್ತೀರಿ, ನಿಮಗ ಬೇಕಾದ ಉತ್ತರ ಬರೋ ಹಂಗ ಮಾಡ್ತೀರಿ.”

“ಬೇಕಾದ ಉತ್ತರ ಬರೋ ಹಂಗ ಮಾಡಿದವರು ನೀವು! ನಾನು ಅಳದೀನಿ!”

ಅವಳ ದನಿ ಏರಿದ್ದೇ ತಡ, ಮೇಜಿನ ಸುತ್ತ ಕೂತವರ ಮುಖಗಳು ಸಡಿಲಾದವು. ಇದಕ್ಕೇ ಕಾದಿದ್ದರೋ ಎಂಬಂತೆ. ಗಲಗಲಿಯವರು ಅಧ್ಯಕ್ಷೆಯ ಕಡೆ ತಿರುಗಿ, ಬಹಳ ದೊಡ್ಡ ಮನಸ್ಸಿನವರ ಹಾಗೆ ನಕ್ಕರು. “ನಾವು ಸಿಟ್ಟಾಗಬಾರದು, ಮೇಡಂ. ಮಗಳು ಹೊಂಟಾಳ. ತಾಯಿ ಕರುಳು ನೋಡ್ರಿ, ಅದು ಮಾತಾಡ್ಲಿಕ್ಕೆ ಹತ್ತೇದ. ನಮ್ಮ ಮನ್ಯಾಗಿನ ಹೆಣ್ಣುಮಕ್ಕಳೂ ಹಿಂಗ.”

ಮೇಜಿನ ಸುತ್ತ ಮೆತ್ತನೆಯ ನಗೆ ಹರಿದಾಡಿತು. ಅಧ್ಯಕ್ಷೆ ಕೂಡ ತುಟಿ ಅಂಚಿನಲ್ಲಿ ನಕ್ಕಳು. ಹುಲಿಗೆಮ್ಮನಿಗೆ ಮೈಯೆಲ್ಲ ಬೆಂಕಿ ಹೊತ್ತಿಕೊಂಡಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಗೋಡೆಯ ಮೇಲೆ ಅಳತೆ ಇನ್ನೂ ಬೆಳಗುತ್ತಲೇ ಇತ್ತು, ಒಬ್ಬರೂ ಅದರ ಕಡೆ ತಿರುಗಿ ನೋಡಲಿಲ್ಲ. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು, ಕನಿಕರದಿಂದ. ಆ ಕನಿಕರವನ್ನು ಎತ್ತಿ ಅವರ ಮುಖಕ್ಕೇ ಎಸೆಯಬೇಕು ಎನ್ನಿಸಿತು. ಸಭೆ ‘ಸೂರ್ಯ ಒಪ್ಪಿದ ಅಂಕಿಗಳೇ ಮುಂದುವರಿಯಲಿ’ ಎಂದು ತೀರ್ಮಾನಿಸಿ ಊಟಕ್ಕೆ ಎದ್ದಿತು.

ಓಣಿಯಂಥ ಪಡಸಾಲೆಯಲ್ಲಿ ಗಲಗಲಿಯವರು ಹಿಂದಿನಿಂದ ಬಂದು ಅವಳನ್ನು ನಿಲ್ಲಿಸಿದರು. ಅತ್ತಿತ್ತ ನೋಡಿ ದನಿ ತಗ್ಗಿಸಿದರು.

“ಒಂದು ಮಾತು ಕೇಳ್ರಿ. ಇದನ್ನ ಇಲ್ಲಿಗೇ ಬಿಡ್ರಿ. ತುಂಗಾನ ಹೆಸರು ನಾವು ಸದ್ದಿಲ್ಲದ ತಗದುಬಿಡ್ತೀವಿ. ವೈದ್ಯಕೀಯ ಕಾರಣ ಅಂತ ಹೇಳಿದ್ರಾತು. ಆಕಿ ಜಾಗಾಕ್ಕ ಬ್ಯಾರೆ ಯಾರರೆ ಹೋಗ್ತಾರ. ನಿಮ್ಮ ಮಗಳು ನಿಮ್ಮ ಮನ್ಯಾಗ ಇರ್ತಾಳ. ಆತಿಲ್ಲೋ?”

ನಿಜ ಹೇಳಬೇಕೆಂದರೆ, ಒಂದು ಗಳಿಗೆ ಹುಲಿಗೆಮ್ಮನ ಕಣ್ಣ ಮುಂದೆ ಬಂದದ್ದು ಹೊಸಪೇಟೆಯ ಮನೆ, ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತ ಮಗಳು. ಮರುಗಳಿಗೆಯೇ ಆ ಜಾಗಕ್ಕೆ ಹೋಗಲಿರುವ ‘ಬೇರೆ ಯಾರೋ’ ನೆನಪಾಗಿ ಅವಳಿಗೆ ಹೇಸಿಗೆಯಾಯಿತು.

“ಹಂಗಾದ್ರ ನಿಮಗ ಗೊತ್ತೈತಿ” ಎಂದಳು. “ನನ್ನ ಅಂಕಿ ಸುಳ್ಳಾಗಿದ್ರ ನನ್ನ ಮಗಳನ್ನ ಉಳಿಸೋ ದರ್ದು ನಿಮಗ್ಯಾಕ ಬರ್ತಿತ್ತು? ನಿಮಗ ಗೊತ್ತೈತಿ, ಸರ್! ಗೊತ್ತಿದ್ದೂ ಅಷ್ಟು ಮಂದೀನ ಹತ್ತಸಾಕತ್ತೀರಿ!”

“ಮೆಲ್ಲಕ, ಮೆಲ್ಲಕ. ನಾನೇನು ಗೊತ್ತದ ಅಂದಿಲ್ಲ. ಸಂಶಯಕ್ಕ ಒಂದು ಅವಕಾಶ ಅಷ್ಟ.”

“ನಿಮ್ಮ ಸಂಶಯ ನನ್ನ ಮಗಳ ಹೆಸರಿಗೆ ಮಾತ್ರ ಯಾಕ? ಹಡಗಿನಾಗ ಬ್ಯಾರೆ ತಾಯಂದಿರ ಮಕ್ಕಳಿಲ್ಲೇನು?”

ಗಲಗಲಿಯವರು ಶಲ್ಯ ಸರಿಪಡಿಸಿಕೊಂಡು ಊಟದ ಕಡೆ ನಡೆದರು. ಅವಳು ಊಟ ಮಾಡದೆ ಬಸ್ಸು ಹತ್ತಿದಳು.

*

ಮನೆಯಲ್ಲಿ ಅವಳು ನಡೆದದ್ದನ್ನು ಬಡಬಡನೆ ಹೇಳಿದಳು. ಎರ್ರಿಸ್ವಾಮಿ ಕೈಯಲ್ಲಿದ್ದ ಪೇಪರು ಮಡಚಿಟ್ಟ. ತುಂಗಾ ಮೊದಲು ಮುಖ ಬಿಗಿದುಕೊಂಡೇ ಕೇಳುತ್ತಿದ್ದಳು. ಹೆಸರು ತೆಗೆಯುವ ಮಾತು ಬಂದಾಗ ಎದ್ದು ನಿಂತಳು.

“ನನ್ನ ಕೇಳದ ನನ್ನ ಹೆಸರು ತಗೀತಾನಂತ? ಅದೂ ನನಗ ರೋಗ ಐತಿ ಅಂತ ಹೇಳಿ?”

“ಹೂಂ.”

“ನೀ ಏನಂದಿ?”

“ಏನಂತೀನಿ? ಉಗದು ಬಂದೆ.”

ತುಂಗಾ ಕಿಟಕಿಯವರೆಗೆ ನಡೆದುಹೋದಳು. ತಿರುಗಿದಾಗ ಅವಳ ಸಿಟ್ಟು ಬೇರೆ ದಿಕ್ಕಿಗೆ ಹೊರಳಿತ್ತು. “ನಾಳೆ ನನ್ನ ಸುರಂಗಕ್ಕ ಕರ್ಕೊಂಡು ಹೋಗು. ನಿನ್ನ ಮಾತೂ ಬ್ಯಾಡ, ಅವರ ಮಾತೂ ಬ್ಯಾಡ. ದೀಪ ನಾ ಹಚ್ಚಿ ನೋಡ್ತೀನಿ” ಎಂದಳು.

ಮರುದಿನ ಬೆಳಿಗ್ಗೆ ಅವಳೇ ದೀಪದ ಮುಂದೆ ಕೂತಳು. ಜುಬೇದಾ ಪಕ್ಕದಲ್ಲಿ ನಿಂತು ಎಲ್ಲಿ ಏನು ತಿರುಗಿಸಬೇಕು ಎಂದು ಮಾತ್ರ ತೋರಿಸಿದಳು. ಹುಲಿಗೆಮ್ಮನನ್ನು ಬೇಕೆಂದೇ ದೂರ ಕೂರಿಸಿದ್ದರು. ಭರ್ತಿ ಕರೆಂಟಿಗೆ ದೀಪ ನೀಲಿಯಾಗಿ ಉರಿಯಿತು. ತೆರೆಯ ಮೇಲೆ ಎರಡು ಗೆರೆಗಳು ಎದ್ದವು. ತುಂಗಾ ಕರೆಂಟನ್ನು ಸ್ವಲ್ಪ ಇಳಿಸಿ ಕಾದಳು, ಎರಡರ ಪ್ರಮಾಣ ನೋಡಿದಳು. ಮತ್ತೆ ಇಳಿಸಿದಳು. ದೀಪ ಮಂಕಾದಷ್ಟೂ ಒಂದೊಂದು ಅಳತೆಗೆ ಹೆಚ್ಚು ಹೊತ್ತು ಕಾಯಬೇಕಾಗುತ್ತಿತ್ತು. ಗಲಗಲಿಯವರಿಗೆ ಇಲ್ಲದೇ ಹೋದದ್ದು ಈ ತಾಳ್ಮೆ. ಮಧ್ಯಾಹ್ನದ ಹೊತ್ತಿಗೆ ದೀಪ ಉರಿಯುತ್ತಿದೆಯೋ ಇಲ್ಲವೋ ಎನ್ನುವಷ್ಟು ಮಂಕಾಗಿತ್ತು. ಬಲವಾದ ಗೆರೆ ಮಾತ್ರ ಬಡಕಲು ಗೆರೆಯನ್ನು ಬಿಟ್ಟು, ಬೆಳಿಗ್ಗೆ ಇದ್ದದ್ದರ ಎರಡರಷ್ಟು ಮೇಲೆ ಹೋಗಿ ನಿಂತಿತ್ತು.

ತುಂಗಾ ಇನ್ನೊಮ್ಮೆ ಇಳಿಸಿ ನೋಡಿದಳು. ಪ್ರಮಾಣ ಅಲ್ಲಾಡಲಿಲ್ಲ.

“ಇಷ್ಟು ಸರಳ ಐತಿ” ಎಂದಳು ಹಲ್ಲು ಕಚ್ಚಿ. “ಒಂದು ಬಟನ್ ತಿರುವಿ ನೋಡಾಕ ಯಾರಿಗೂ ಪುರುಸೊತ್ತಿರಲಿಲ್ಲಾ?”

“ಸೂರ್ಯ ಒಪ್ಪಿದ್ನಲ್ಲ, ಮತ್ಯಾಕ ನೋಡ್ತಾರ?” ಎಂದಳು ಜುಬೇದಾ.

ಊಟದ ಡಬ್ಬಿ ಬಿಚ್ಚಿದಾಗ ತುಂಗಾ ಇನ್ನೊಂದು ಪ್ರಶ್ನೆ ಕೇಳಿದಳು. “ಕೆಂಚಿ ಬ್ಯಾಡ ಅಂದ್ರ ಹಡಗು ಎಲ್ಲಿ ಹೋಗ್ತೈತಿ?”

“ಒಂಟಿಗೆ.”

ಒಂಟಿ ಎಂಬುದು ಪಟ್ಟಿಯಲ್ಲಿದ್ದ ಎರಡನೆಯ ನಕ್ಷತ್ರ. ಅದರ ಕಬ್ಬಿಣವನ್ನು ಬೇರೆ ಗೆರೆಗಳಿಂದ, ಬಡಕಲು ಗೆರೆಗಳಿಂದ ಅಳೆದಿದ್ದರು. ಯಾವ ಅಂಕಿ ಹಾಕಿದರೂ ಅಲ್ಲಿ ಕಬ್ಬಿಣ ಸಮೃದ್ಧಿ. ಆದರೆ ಅದು ಬಹಳ ದೂರ. ಕೆಂಚಿಗಾದರೆ ತುಂಗಾ ಹಡಗಿನಲ್ಲಿ ನಿದ್ದೆ ಮಾಡಿ ಎದ್ದು ಇಳಿದು ಕಳಿಸಿದ ಮಾತು, ಹುಲಿಗೆಮ್ಮ ಮುದುಕಿಯಾಗಿ ಹಲ್ಲು ಉದುರಿಸಿಕೊಳ್ಳುವ ಹೊತ್ತಿಗೆ ಬಂದು ಮುಟ್ಟುತ್ತಿತ್ತು. ಒಂಟಿಯಿಂದ ಹೊರಟ ಮಾತು ಭೂಮಿ ಮುಟ್ಟುವಾಗ ಅದನ್ನು ಕೇಳಲು ಈಗ ಬದುಕಿರುವವರು ಯಾರೂ ಉಳಿದಿರುವುದಿಲ್ಲ.

“ಗೊತ್ತಿದ್ದೇ ಅಂಕಿ ಕಳಿಸಿದ್ಯಾ?” ಎಂದು ತುಂಗಾ ಮೆಲ್ಲಗೆ ಕೇಳಿದಳು.

“ಉಣ್ಣು. ರೊಟ್ಟಿ ಬಿರುಸಾಗ್ತೈತಿ” ಎಂದಳು ಹುಲಿಗೆಮ್ಮ.

*

ಮುಂದಿನದನ್ನು ಮಾಡಿದವಳು ತುಂಗಾ. ತರಬೇತಿ ಕೇಂದ್ರದ ಊಟದ ಮನೆಯಲ್ಲಿ, ತನ್ನನ್ನು ನೋಡಿ ನಕ್ಕಿದ್ದವರೆಲ್ಲ ತಟ್ಟೆ ಹಿಡಿದು ಕೂತಿದ್ದಾಗ, ಬೆಂಚಿನ ಮೇಲೆ ಹತ್ತಿ ನಿಂತು ಗಲಗಲಿಯವರು ಏನು ಹೇಳಿದರು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ನನ್ನನ್ನು ಇಳಿಸುತ್ತೇವೆ ಎಂದರು, ನಿಮ್ಮನ್ನು ಇಳಿಸುವ ಮಾತು ಆಡಲಿಲ್ಲ ಎಂದಳು. ಊಟದ ಮನೆಯಲ್ಲಿ ಗದ್ದಲವೆದ್ದಿತು. ತಾಯಿಯ ಮಾತು ನಂಬಬೇಡಿ, ನನ್ನ ಮಾತೂ ನಂಬಬೇಡಿ, ಬಂದು ನೀವೇ ದೀಪ ತಿರುವಿ ನೋಡಿ ಎಂದಳು.

ಅವರು ಬಂದರು. ಗಾಡಿ ಗಾಡಿ ತುಂಬಿ ಬಂದು ಸುರಂಗದ ಬಾಯಲ್ಲಿ ಸಾಲು ನಿಂತರು. ಕಲಿತವರು, ಕಲಿಯದವರು, ಬಸುರಿ ಹೆಂಗಸರು, ಕೆಂಚಿಯ ನೆಲದಲ್ಲಿ ಬಿತ್ತಲು ಬೀಜ ಆರಿಸಿಟ್ಟುಕೊಂಡಿದ್ದ ಗಂಡಸರು. ಒಬ್ಬೊಬ್ಬರೂ ಕರೆಂಟು ಇಳಿಸಿ, ಗೆರೆ ಏರುವುದನ್ನು ನೋಡಿ, ಹೊರಗೆ ಹೋಗಿ ಉಗುಳಿದರು. ಆಮೇಲೆ ಹಡಗು ಹತ್ತುವುದಿಲ್ಲ ಎಂದು ಎಲ್ಲರೂ ಒಟ್ಟಾಗಿ ಮಂಡಳಿಗೆ ಹೇಳಿ ಕಳಿಸಿದರು. ಖಾಲಿ ಹಡಗನ್ನು ಮಂಡಳಿ ಯಾವ ಮುಖ ಹೊತ್ತುಕೊಂಡು ಹಾರಿಸೀತು? ಅಂಕಿಗಳನ್ನು ಸಮುದ್ರದಾಚೆಯ ಎರಡು ಪ್ರಯೋಗಾಲಯಗಳಿಗೆ ಕಳಿಸಿತು. ಅಲ್ಲಿ ಮಂಕು ದೀಪ ಹಚ್ಚಿದವರಿಗೂ ಹುಲಿಗೆಮ್ಮನ ಅಂಕಿಯೇ ಬಂತು.

ಮಾನಕ ಕೇಂದ್ರ ಹೊಸ ಅಂಕಿಗಳನ್ನು ಪ್ರಕಟಿಸಿತು. ಹಳೆಯವು ತಪ್ಪು ಎಂದು ಎಲ್ಲೂ ಬರೆಯಲಿಲ್ಲ. ‘ಅಂದಿನ ಉಪಕರಣಗಳ ಮಿತಿಯಲ್ಲಿ ಸಮರ್ಪಕ’ ಎಂದು ಬರೆಯಿತು. ಉಪಕರಣಕ್ಕೆ ಯಾವ ಮಿತಿ? ಅದೇ ದೀಪ, ಅದೇ ಬಟನ್! ಹುಲಿಗೆಮ್ಮ ಆ ಸಾಲು ಓದಿ ಮನೆಯಲ್ಲಿ ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಗೆದ್ದೆಯಲ್ಲ, ಇನ್ಯಾಕೆ ಸಿಟ್ಟು ಎಂದು ಎರ್ರಿಸ್ವಾಮಿ ಕೇಳಿದ್ದಕ್ಕೆ, “ಗೆಲ್ಲಾಕ ಇದೇನು ಕುಸ್ತಿಯೇನು?” ಎಂದು ಅವನ ಮೇಲೂ ಹರಿಹಾಯ್ದಳು.

ಹಡಗು ಹೊರಡುವ ದಿನ ಮನೆಯವರನ್ನೆಲ್ಲ ನಿಯಂತ್ರಣ ಕೊಠಡಿಗೆ ಕರೆದಿದ್ದರು. ತೆರೆಯ ಮೇಲಿನ ಕೆಂಪು ಗೆರೆಯನ್ನು ಅಳಿಸಿ ಒಂಟಿಯ ಕಡೆಗೆ ಹೊಸ ಗೆರೆ ಎಳೆದಿದ್ದರು. ಅದು ತೆರೆಯ ಅಂಚಿನವರೆಗೂ ಹೋಗಿ ಅಲ್ಲಿಂದ ಆಚೆಗೆ ಕಾಣುತ್ತಿರಲಿಲ್ಲ. ಒಬ್ಬೊಬ್ಬರ ಮನೆಯವರಿಗೂ ಸ್ವಲ್ಪ ಹೊತ್ತು ಮಾತಾಡಲು ಬಿಟ್ಟರು.

“ಅವ್ವಾ” ಎಂದಿತು ತುಂಗಾಳ ದನಿ. “ಅಪ್ಪಾ ಅಳಾಕತ್ತಾನೇನು?”

“ಬೆಳಿಗ್ಗೆಯಿಂದ.”

“ನೀನು?”

“ನಂಗ ಸಿಟ್ಟು ಬಂದೈತಿ.”

ತುಂಗಾ ನಕ್ಕಳು. “ಮೊದಲನೇ ಬಾವಿಗೆ ನೀರು ಬಂದ ದಿನ ಹೇಳಿ ಕಳಿಸ್ತೀನಿ, ಅವ್ವ. ಯಾರಾದ್ರೂ ಕೇಳಲಿ” ಎಂದಳು.

“ಕಳಿಸು” ಎಂದಳು ಹುಲಿಗೆಮ್ಮ. ಎರ್ರಿಸ್ವಾಮಿ ಅವಳ ಕೈಯಿಂದ ಮೈಕು ತೆಗೆದುಕೊಂಡು ಏನೇನೋ ಹೇಳಿದ, ಹೊತ್ತಿಗೆ ಸರಿಯಾಗಿ ಉಣ್ಣು ಎಂದ, ನೂರಾರು ವರ್ಷ ನಿದ್ದೆ ಮಾಡಲು ಹೊರಟವಳಿಗೆ.

ಹಡಗು ಕದಲಿತು. ಕೊಠಡಿಯಲ್ಲಿ ಚಪ್ಪಾಳೆ ಎದ್ದಿತು. ಆ ಗದ್ದಲದಲ್ಲಿ ಗಲಗಲಿಯವರು ಜನರ ನಡುವೆ ದಾರಿ ಮಾಡಿಕೊಂಡು ಹುಲಿಗೆಮ್ಮನ ಹತ್ತಿರ ಬಂದರು. ಕ್ಯಾಮೆರಾದವರು ಹಿಂದೆಯೇ ಇದ್ದರು. ಗಲಗಲಿಯವರ ಕಣ್ಣುಗಳು ನಿಜವಾಗಿಯೂ ತೇವವಾಗಿದ್ದವು. ಕೈ ಜೋಡಿಸಿ, “ನೀವೇ ಗೆದ್ರಿ ಹುಲಿಗೆಮ್ಮನವರ. ಅಷ್ಟೂ ಮಂದಿ ಜೀವ ಉಳಿಸಿದ್ರಿ. ಕಡೀಕ ಗೆದ್ದದ್ದು ತಾಯಿ ಕರುಳು ನೋಡ್ರಿ” ಎಂದರು.

ಹುಲಿಗೆಮ್ಮ ತೆರೆಯಿಂದ ಕಣ್ಣು ಕಿತ್ತು ಅವರನ್ನು ನೋಡಿದಳು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

“ತಾಯಿ ಕರುಳಿನ ಮಾತು ಕೇಳಿದ್ದಿದ್ರ ಬಾಯಿ ಮುಚಗೊಂಡು ಆಕೀನ ಕೆಂಚಿಗೇ ಕಳಿಸ್ತಿದ್ದೆ” ಎಂದಳು. “ನನ್ನ ಮಗಳು ಅಲ್ಲಿ ಹೆಂಗೋ ಬದುಕ್ತಿದ್ಲು. ಸಾಯ್ತಿದ್ದವು ಆಕಿ ಮಕ್ಕಳು, ಮಂದಿ ಮಕ್ಕಳು. ನಂಗ ಮಾತ್ರ ಮುದುಕಿ ಆದಾಗ ಒಂದ್ಸಲ ಆಕಿ ದನಿ ಕೇಳ್ತಿತ್ತು.”

ಗಲಗಲಿಯವರ ಜೋಡಿಸಿದ ಕೈ ಹಾಗೇ ಇತ್ತು. ಅವಳು ಅವರನ್ನು ಬಿಟ್ಟು ಮತ್ತೆ ತೆರೆಯ ಕಡೆ ತಿರುಗಿದಳು. ಎರ್ರಿಸ್ವಾಮಿ ಇನ್ನೂ ಮೈಕಿನಲ್ಲಿ ಮಾತಾಡುತ್ತಲೇ ಇದ್ದ, ಆ ಕಡೆಯಿಂದ ಉತ್ತರ ಬರುವುದು ನಿಂತುಹೋಗಿತ್ತು.